ಮಾತಲ್ಲೇ ಕಂಪ್ಯೂಟರ್ ಓಡಿಸ್ಬೇಕಾ? ಮೊದ್ಲು ವರ್ಷನ್ ನೋಡ್ಕೊಳ್ಳಿ

ವಾಯ್ಸ್ ಕಮಾಂಡ್ ಆನ್ ಮಾಡೋಕೆ ಹೋಗಿ, ಸೆಟ್ಟಿಂಗ್ಸಲ್ಲಿ ಆ ಆಪ್ಷನ್ನೇ ಕಾಣ್ತಿಲ್ವಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೀರಾ? ಬಹಳ ಸಲ ತಪ್ಪು ನಿಮ್ದಲ್ಲ, ನೋಡ್ತಿರೋ ವಿಡಿಯೋ ಬೇರೆ ವರ್ಷನ್‌ದು.

ವಿಂಡೋಸ್ ಆದ್ರೆ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ. ಅಲ್ಲಿ ವಿಂಡೋಸ್ 10 ಅಂತಿದ್ರೆ ನಿಮಗಿರೋದು ಸ್ಪೀಚ್ ರೆಕಗ್ನಿಷನ್, ಕಂಟ್ರೋಲ್ ಪ್ಯಾನೆಲ್ ಒಳಗಡೆ ಹುಡುಕಿ. ಇದು 2007ರಲ್ಲಿ ವಿಂಡೋಸ್ ವಿಸ್ಟಾ ಜೊತೆ ಬಂದ ಹಳೇ ಗಿರಾಕಿ (2006ರ ಡೆಮೋದಲ್ಲಿ 'ಡಿಯರ್ ಮಾಮ್' ಅಂದ್ರೆ 'ಡಿಯರ್ ಆಂಟ್' ಅಂತ ಬರ್ಕೊಂಡು ಎಲ್ರನ್ನೂ ನಗಿಸಿತ್ತು). ಇದ್ರಲ್ಲಿ ಟ್ರೈನಿಂಗ್ ಅಂತ ಒಂದಿದೆ, ಸ್ಕ್ರೀನ್ ಮೇಲೆ ಬರೋ ವಾಕ್ಯಗಳನ್ನ ನಿಮ್ಮ ಕೈಲಿ ಓದಿಸುತ್ತೆ, ಬೋರು ನಿಜ ಆದ್ರೂ ಸ್ಕಿಪ್ ಮಾಡ್ಬೇಡಿ, ನಿಮ್ಮ ಉಚ್ಚಾರಣೆ ಅದಕ್ಕೆ ಗೊತ್ತಾಗೋದೇ ಅಲ್ಲಿ.

ವಿಂಡೋಸ್ 11, 22ಎಚ್2 (ಅಂದ್ರೆ 2022ರ ಅಪ್‌ಡೇಟ್) ಅಥವಾ ಅದರ ನಂತರದ್ದಾದ್ರೆ ಹಳೇದನ್ನ ಮರ್ತುಬಿಡಿ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಸ್ಪೀಚ್, ಅಲ್ಲಿ ವಾಯ್ಸ್ ಆಕ್ಸೆಸ್ ಆನ್ ಮಾಡಿ. ಮೊದಲ ಸಲ ಲಾಂಗ್ವೇಜ್ ಫೈಲ್ ಡೌನ್‌ಲೋಡ್ ಆಗುತ್ತೆ, ಆಮೇಲೆ ನೆಟ್ ಇಲ್ದಿದ್ರೂ ನಡೆಯುತ್ತೆ. 'ಶೋ ನಂಬರ್ಸ್' ಅಂದ್ರೆ ಪ್ರತಿ ಬಟನ್ ಮೇಲೂ ಒಂದೊಂದು ನಂಬರ್ ಕೂರುತ್ತೆ, 'ಕ್ಲಿಕ್ 7' ಅಂದ್ರೆ ಮುಗೀತು. ನಂಬರ್ ಬೀಳದ ಜಾಗಕ್ಕೆ 'ಶೋ ಗ್ರಿಡ್' ಅನ್ನಿ, ಸ್ಕ್ರೀನ್ ನಂಬರ್ ಇರೋ ಚೌಕಗಳಾಗಿ ಭಾಗ ಆಗುತ್ತೆ. ವಿಂಡೋಸ್ ಕೀ ಜೊತೆ ಎಚ್ ಒತ್ತಿದ್ರೆ ಬರೋದು ಬರೀ ಟೈಪಿಂಗ್‌ಗೆ, ಅದಕ್ಕೆ ನೆಟ್ ಬೇಕೇ ಬೇಕು, ಎರಡನ್ನೂ ಕನ್‌ಫ್ಯೂಸ್ ಮಾಡ್ಕೋಬೇಡಿ.

ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ವರ್ಷನ್‌ನಿಂದ ವಾಯ್ಸ್ ಕಂಟ್ರೋಲ್ ಇದೆ, ಅದೂ ಆಕ್ಸೆಸಿಬಿಲಿಟಿಲೇ. ಮ್ಯಾಕ್‌ಗೆ 2016ರಲ್ಲಿ ಬಂದ ಸಿರಿ ಈ ಕೆಲ್ಸಕ್ಕಲ್ಲ.

ಇನ್ನು ಮಾತಾಡೋ ರೀತಿ. ಒಂದೊಂದೇ ಪದ ಬಿಟ್ಟು ಬಿಟ್ಟು ಹೇಳಿ ಅಂತ ಇನ್ನೂ ಕೆಲವರು ಹೇಳ್ತಾರಲ್ಲ, ಅದು 1990ರ ಡ್ರ್ಯಾಗನ್ ಡಿಕ್ಟೇಟ್ ಅನ್ನೋ, ಮಾತು ಕೇಳಿ ಟೈಪ್ ಮಾಡೋ ಸಾಫ್ಟ್‌ವೇರ್ ಕಾಲದ ಮಾತು, ಆಗ ಪದದ ನಡುವೆ ನಿಲ್ಲಿಸ್ಲೇಬೇಕಿತ್ತು. 1997ರಲ್ಲಿ ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್ ಬಂದ್ಮೇಲೆ ಆ ಗೋಳು ಹೋಯ್ತು. ಈಗಿನವು ಅಕ್ಕಪಕ್ಕದ ಪದ ನೋಡಿ ಊಹಿಸ್ತವೆ, ಹಾಗಾಗಿ ಡಿಕ್ಟೇಟ್ ಮಾಡುವಾಗ ವಾಕ್ಯ ಒಂದೇ ಸಲ ಹೇಳಿ, ಕಮಾಂಡ್ ಕೊಡೋ ಮುಂಚೆ ಮಾತ್ರ ಚೂರು ನಿಲ್ಲಿ.

ಮಧ್ಯದಲ್ಲಿ ಫೋನ್ ಬಂದ್ರೆ ವಿಂಡೋಸ್ 11ರಲ್ಲಿ 'ವಾಯ್ಸ್ ಆಕ್ಸೆಸ್ ಸ್ಲೀಪ್' ಅನ್ನಿ, ಮ್ಯಾಕಲ್ಲಿ 'ಗೋ ಟು ಸ್ಲೀಪ್'. ಇಲ್ಲಾಂದ್ರೆ ನೀವು ಫೋನಲ್ಲಿ ಆಡಿದ್ದೆಲ್ಲ ಡಾಕ್ಯುಮೆಂಟ್‌ನಲ್ಲಿ ಕೂತಿರುತ್ತೆ.