ನಿದ್ದೆಗೆ ಘಮದ ಚೀಲ: ಅರ್ಧ ಲಾವಂಚ ಇರಲಿ

ದಿಂಬಿನ ಪಕ್ಕ ಇಡುವ ಘಮದ ಚೀಲಕ್ಕೆ ಬರೀ ಹೂವು, ಎಲೆ ತುಂಬಬೇಡಿ. ಅರ್ಧದಷ್ಟು ಲಾವಂಚದ ಬೇರು ಹಾಕಿ, ಕತ್ತರಿಯಲ್ಲಿ ಸಣ್ಣ ತುಂಡು ಮಾಡಿ. ಉಳಿದರ್ಧ ಒಣಗಿದ ದವನ, ಗುಲಾಬಿ ದಳ, ಸಿಕ್ಕರೆ ಲ್ಯಾವೆಂಡರ್. ಹೂವಿನ ಘಮ ಬೇಗ ಹಾರಿಹೋಗುತ್ತದೆ. ಲಾವಂಚದ ಎಣ್ಣೆ ಗಟ್ಟಿ, ನಿಧಾನಕ್ಕೆ ಆರುತ್ತದೆ, ಜೊತೆಗಿರುವ ಘಮವನ್ನೂ ಹಿಡಿದಿಡುತ್ತದೆ. ಬೇರು ಬೆಂಗಳೂರಿನ ಗಾಂಧಿ ಬಜಾರ್, ಮಲ್ಲೇಶ್ವರದ ಗ್ರಂದಿಗೆ ಅಂಗಡಿಗಳಲ್ಲಿ ಕೇಳಿ. ದವನ ಹೂವಿನವರ ಹತ್ತಿರವೇ ಇರುತ್ತಲ್ವಾ, ಒಂದು ಕಟ್ಟು ಸಾಕು. ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಘಮವೂ ಹೋಗುತ್ತದೆ. ಕಡ್ಡಿ ಮುರಿದರೆ ಚಟ್ ಅನ್ನಬೇಕು, ಬಾಗಿದರೆ ಇನ್ನೂ ಹಸಿ. ಚೀಲಕ್ಕೆ ಹಳೇ ಕಾಟನ್ ಪಂಚೆಯ ತುಂಡು ಎಲ್ಲಕ್ಕಿಂತ ಒಳ್ಳೇದು, ಪಾಲಿಯೆಸ್ಟರ್ ಬೇಡ. ಮಲಗೋ ಮುಂಚೆ ಒಂದೆರಡು ಸಲ ಹಿಸುಕಿ. ಘಮ ಕಮ್ಮಿಯಾದರೆ ಬೇರನ್ನಷ್ಟೇ ತೆಗೆದು ನೀರು ಚಿಮುಕಿಸಿ, ಮತ್ತೆ ಒಣಗಿಸಿ ಹಾಕಿ.

ಮಳೆಗಾಲದಲ್ಲಿ ಇದು ಕೈಕೊಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬೆಂಗಳೂರಿನ ತೇವಕ್ಕೆ ಬೂಷ್ಟು ಹಿಡಿಯಬಹುದು. ಒಂದು ಚಮಚ ಬೇಯಿಸದ ಒಣ ಅಕ್ಕಿ ಸೇರಿಸಿದರೆ ಸ್ವಲ್ಪ ತಡೆಯಬಹುದು, ಆದರೂ ಮುಗ್ಗಲು ವಾಸನೆ ಬಂದರೆ ಸುಮ್ನೆ ಎಸೆದುಬಿಡಿ. ಆಸ್ತಮಾ, ಧೂಳಿನ ಅಲರ್ಜಿ ಇರುವವರ ಕೋಣೆಗೆ ಬೇಡ, ಪುಟ್ಟ ಮಕ್ಕಳ ತೊಟ್ಟಿಲಿಗಂತೂ ಬೇಡವೇ ಬೇಡ. ವಾರಗಟ್ಟಲೆ ನಿದ್ದೆ ಬರದವರಿಗೆ ಇದು ಔಷಧಿಯಲ್ಲ, ಡಾಕ್ಟರನ್ನೇ ನೋಡಿ.