ಸನಾದ ಗೋಪುರಮನೆಗಳ ದಾಖಲೆ: ಕ್ಯಾಮೆರಾಕ್ಕೂ ಮೊದಲು ಅಳತೆ ಟೇಪು

ಯೆಮನ್‌ನ ಸನಾ ಹಳೇ ಪಟ್ಟಣ 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. 2015ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಆ ವರ್ಷದ ಜೂನ್‌ನಲ್ಲಿ ಅಲ್-ಕಾಸಿಮಿ ಕೇರಿಯ ಕೆಲವು ಮನೆಗಳು ಬಾಂಬಿಗೆ ನೆಲಸಮವಾದವು. 2020ರ ಮಳೆಗೆ ಇನ್ನಷ್ಟು ಕುಸಿದವು. ಕೆಳಗೆ ಕಲ್ಲು, ಅದರ ಮೇಲೆ ಸುಟ್ಟ ಇಟ್ಟಿಗೆ, ತುದಿಗೆ ಮಣ್ಣಿನ ಮಾಳಿಗೆ: ಇಂಥ ಐದಾರು ಅಂತಸ್ತಿನ ಮನೆಯನ್ನು ದಾಖಲಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ನಾಳೆ ಈ ಗೋಡೆ ಬಿದ್ದರೆ, ನಮ್ಮ ಕಡತ ಹಿಡಿದು ಮೇಸ್ತ್ರಿ ಇದನ್ನೇ ಮತ್ತೆ ಎಬ್ಬಿಸಬಲ್ಲನೇ?

ಐತಿಹಾಸಿಕ ನಗರಗಳ ಸಂರಕ್ಷಣಾ ಪ್ರಾಧಿಕಾರದ ಪತ್ರ ಕೈಯಲ್ಲಿರಬೇಕು, ಕೇರಿಯ ಮುಖ್ಯಸ್ಥ, ಅಂದರೆ 'ಆಕಿಲ್', ಜೊತೆಗಿರಬೇಕು. ಪತ್ರ ಇದ್ದು ಆಕಿಲ್ ಇಲ್ಲದಿದ್ದರೆ ಕೆಲಸ ಮೂಲೆ ತಿರುಗುವುದರೊಳಗೆ ನಿಲ್ಲುತ್ತದೆ. ಡ್ರೋನ್ ಮಾತೇ ಬೇಡ. ಉದ್ದ ಲೆನ್ಸು, ಟ್ರೈಪಾಡ್ ಎರಡೂ ದೂರದಿಂದ ಆಯುಧದಂತೆ ಕಾಣುತ್ತವೆ. ಲೇಸರ್ ಮೀಟರನ್ನು ಕೋಣೆಯೊಳಗೆ ಮಾತ್ರ ಬಳಸುತ್ತೇವೆ. ಕ್ಯಾಮೆರಾ, ಫೋನು ಎರಡರಲ್ಲೂ ಸ್ಥಳ ದಾಖಲಿಸುವ ಸೌಲಭ್ಯ ಬಂದ್. ಹೆಣ್ಣುಮಕ್ಕಳಿರುವ ಕೋಣೆಗಳನ್ನು ತಂಡದ ಮಹಿಳಾ ಎಂಜಿನಿಯರೇ ಅಳೆಯುತ್ತಾರೆ.

ಈ ಮನೆಗಳಲ್ಲಿ ಮೂಲೆಮಟ್ಟಕ್ಕೆ ಸರಿ ಕೂರುವ ಕೋಣೆ ಸಿಗುವುದೇ ಅಪರೂಪ. ನಾಲ್ಕು ಗೋಡೆಯ ಉದ್ದ ಬರೆದುಕೊಂಡು ಬಂದರೆ ಅದೇ ಅಳತೆಗೆ ಹತ್ತು ಬೇರೆ ಬೇರೆ ಆಕಾರ ಬರೆಯಬಹುದು. ಎರಡೂ ಕರ್ಣ ಅಳೆದರೆ ಆಕಾರ ಒಂದೇ ಆಗುತ್ತದೆ, ಅಳತೆಯಲ್ಲಿನ ತಪ್ಪೂ ಅಲ್ಲೇ ಸಿಕ್ಕಿಬೀಳುತ್ತದೆ. ಗೋಡೆಯ ದಪ್ಪವನ್ನು ಕಿಟಕಿ ಬಾಗಿಲುಗಳ ಬಳಿ ಹಿಡಿಯಬೇಕು. ನೆಲ ಎಲ್ಲೂ ಸಮ ಇರುವುದಿಲ್ಲವಾದ್ದರಿಂದ ಎತ್ತರವನ್ನು ನೆಲದಿಂದ ಅಳೆಯುವುದಿಲ್ಲ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಪ್ರತಿ ಅಂತಸ್ತಿಗೂ ಒಂದು ಮಟ್ಟದ ಗೆರೆ ಹಾಕಿ, ಮೆಟ್ಟಿಲ ಗೂಡಿನಲ್ಲಿ ಟೇಪು ಇಳಿಬಿಟ್ಟು ಆ ಗೆರೆಗಳನ್ನು ಒಂದಕ್ಕೊಂದು ಜೋಡಿಸುತ್ತೇವೆ. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಇಡೀ ಅಂತಸ್ತಿನ ಮಟ್ಟ ಕೆಟ್ಟಂತೆ.

ಇನ್ನು ಫೋಟೊ. ಹಲವು ಕೋನಗಳಿಂದ ತೆಗೆದ ಚಿತ್ರಗಳನ್ನು ಸಾಫ್ಟ್‌ವೇರ್ ಜೋಡಿಸಿ ಮನೆಯ ಮೂರು ಆಯಾಮದ ಮಾಡೆಲ್ ಕಟ್ಟುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾ, 24 ಮೆಗಾಪಿಕ್ಸೆಲ್, 24 ಮಿ.ಮೀ. ಸ್ಥಿರ ಲೆನ್ಸು, ಎಫ್8. ಓಣಿಯಲ್ಲಿ 4 ಮೀಟರ್ ಹಿಂದೆ ಸರಿದು ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ 4 ಮೀಟರ್ ಅಗಲ, 6 ಮೀಟರ್ ಎತ್ತರದ ಗೋಡೆ ಸಿಗುತ್ತದೆ. ಒಂದು ಪಿಕ್ಸೆಲ್‌ಗೆ 1 ಮಿ.ಮೀ. ಮೀಟರಿಗೊಂದು ಚಿತ್ರ ತೆಗೆಯುತ್ತ ಹೋದರೆ ಒಂದರ ಮೇಲೊಂದು 75 ಶೇಕಡಾ ಹೊಂದುತ್ತವೆ. ಮೇಲಿನ ಅಂತಸ್ತುಗಳನ್ನು ಓಣಿಯಿಂದಲೇ ತೆಗೆದರೆ ಹೊರಚಾಚಿದ ಪಟ್ಟಿಗಳ ಹಿಂದಿನ ಭಾಗ ಮರೆಯಾಗುತ್ತದೆ. ಅದಕ್ಕೆ ಎದುರು ಮನೆಯ ಮಾಳಿಗೆ ಹತ್ತಬೇಕು. 10 ಮೀಟರ್ ದೂರದಲ್ಲೂ ಪಿಕ್ಸೆಲ್‌ಗೆ 2.5 ಮಿ.ಮೀ. ಬರುವುದರಿಂದ ಇಟ್ಟಿಗೆಯ ಸಂದು ಎಣಿಸಬಹುದು. ಮೂಲೆ ತಿರುಗುವಾಗ ಹತ್ತು ಹತ್ತು ಡಿಗ್ರಿಗೆ ಒಂದೊಂದು ಚಿತ್ರ ಇಲ್ಲದಿದ್ದರೆ ಮಾಡೆಲ್ ಎರಡು ಹೋಳಾಗುತ್ತದೆ. ಕಂದು ಇಟ್ಟಿಗೆಯ ಮೇಲಿನ ಬಿಳಿ ಜಿಪ್ಸಂ ಅಲಂಕಾರ ಬಿಸಿಲಲ್ಲಿ ಬೆಳ್ಳಗೆ ಸುಟ್ಟುಹೋದಂತೆ ಕಾಣುವುದರಿಂದ ನೆರಳು ಬಿದ್ದಾಗಲೇ ತೆಗೆಯುವುದು. ಬಣ್ಣದ ಗಾಜಿನ ಕಮರಿಯ್ಯಾ ಕಿಟಕಿಗಳು ಸಾಫ್ಟ್‌ವೇರಿಗೆ ದಕ್ಕುವುದಿಲ್ಲ. ಅವಕ್ಕೆ ಕಾಗದ ಒತ್ತಿ ನಿಜಗಾತ್ರದ ನಕಲು ತೆಗೆದು, ಪ್ರತಿ ಗಾಜಿನ ಬಣ್ಣ ಬರೆದಿಡುತ್ತೇವೆ.

ಮಾಡೆಲ್‌ಗೆ ಅಳತೆ ಕೊಡಲು ಎರಡು 1 ಮೀಟರ್ ಪಟ್ಟಿಗಳು, ಟೇಪಿನ ಎರಡು ದೊಡ್ಡ ಅಳತೆಗಳು. ಇನ್ನೊಂದು ಅಳತೆ ತೆಗೆದು ಸಾಫ್ಟ್‌ವೇರಿಗೆ ಹೇಳದೆ ಬಚ್ಚಿಟ್ಟುಕೊಳ್ಳುತ್ತೇನೆ. ಮಾಡೆಲ್ ಅದಕ್ಕೆ 10 ಮಿ.ಮೀ. ಒಳಗೆ ತಾಳೆಯಾಗದಿದ್ದರೆ ಕೆಲಸ ಮತ್ತೆ ಮೊದಲಿಂದ. ತೆರೆಯ ಮೇಲೆ ತಿರುಗುವ ಚೆಂದದ ಮಾಡೆಲ್‌ಗಳಲ್ಲಿ ಎಷ್ಟೋ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಬಿರುಕು ಹಳೆಯದೋ, ಇನ್ನೂ ಬಾಯಿ ಬಿಡುತ್ತಿದೆಯೋ ತಿಳಿಯಲು ಜಿಪ್ಸಂ ಪಟ್ಟಿ ಸಾಕು. ಬಿರುಕಿನ ಎರಡೂ ಕಡೆ ಗಿಲಾಯಿ ಕೆರೆದು ಇಟ್ಟಿಗೆ ಕಾಣುವಂತೆ ಮಾಡಿ, ನೀರು ಚಿಮುಕಿಸಿ, 10 ಸೆಂ.ಮೀ. ಉದ್ದ, 1 ಸೆಂ.ಮೀ. ದಪ್ಪದ ಪಟ್ಟಿಯನ್ನು ಅಡ್ಡ ಹಾಕಬೇಕು. ಹಸಿ ಇರುವಾಗಲೇ ಮೊಳೆಯಿಂದ ತಾರೀಖು ಗೀರಬೇಕು. ಆಮೇಲೆ ಪಟ್ಟಿ ಒಡೆದರೆ ಬಿರುಕು ಇನ್ನೂ ಬಾಯಿ ಬಿಡುತ್ತಿದೆ ಎಂದರ್ಥ. ಗಿಲಾಯಿಯ ಮೇಲೆಯೇ ಹಾಕಿದರೆ ಗೋಡೆ ಸರಿದರೂ ಪಟ್ಟಿ ಒಡೆಯದೆ ಗಿಲಾಯಿ ಸಮೇತ ಬಿಟ್ಟುಕೊಳ್ಳುತ್ತದೆ. ಎಲ್ಲ ಸರಿಯಿದೆ ಎಂದು ನಾವು ಮೋಸ ಹೋಗುತ್ತೇವೆ.

ಪಕ್ಕದಲ್ಲಿ ಬಾಂಬು ಬಿದ್ದು ನಿಂತುಳಿದ ಮನೆಯನ್ನು ಕೆಡಹುವುದು ಸಾಮಾನ್ಯವಾಗಿ ನೀರು. ಆದ್ದರಿಂದ ಮಾಳಿಗೆ ಮುಚ್ಚಿಯೇ ಮುಂದಿನ ಕೆಲಸ. ನೆನೆದ ಮಣ್ಣು 10 ಸೆಂ.ಮೀ. ದಪ್ಪಕ್ಕೆ ಚದರ ಮೀಟರಿಗೆ 180ರಿಂದ 200 ಕೆಜಿ ತೂಗುತ್ತದೆ. ಸೋರುವ ಕಡೆ ಇನ್ನೊಂದು ಪದರ ಮಣ್ಣು ಸುರಿದರೆ ತೊಲೆ ಮುರಿಯುತ್ತದೆ. ಪ್ಲಾಸ್ಟಿಕ್ ಹಾಳೆಗೆ 20ಕ್ಕೆ 1ರ ಇಳಿಜಾರು ಕೊಟ್ಟು, ಮೊಳೆ ಹೊಡೆಯದೆ, ಮರಳುಚೀಲಗಳನ್ನು ಗೋಡೆಯ ನೆತ್ತಿಯ ಮೇಲೆ ಮಾತ್ರ ಇಡಬೇಕು. ತೊಲೆಗಳ ನಡುವೆ ಬೇಡ. ನೀರು ಗೋಡೆಗೆ ತಾಗದೆ ಬೀಳುವಷ್ಟು ದೋಣಿ ಹೊರಚಾಚಿರಬೇಕು. ತುರ್ತಿಗೆಂದು ಸಿಮೆಂಟ್ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ತೇವ ಒಳಗೇ ಸಿಕ್ಕಿಕೊಂಡು ಉಪ್ಪು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಸುಣ್ಣಕ್ಕೆ ಜ್ವಾಲಾಮುಖಿ ಕಲ್ಲಿನ ಚೂರು ಬೆರೆಸಿ, ಬಡಿದು, ಕಲ್ಲಿನಿಂದ ಉಜ್ಜಿ, ಪ್ರಾಣಿಕೊಬ್ಬು ಸವರುವ ಕದಾದ್ ಗಾರೆ ಅಲ್ಲಿನದೇ. ದಿನ ಹಿಡಿಯುತ್ತದೆ, ಆದರೆ ನಿಲ್ಲುತ್ತದೆ.

ಬಿದ್ದ ಮನೆಯ ಅವಶೇಷಕ್ಕೆ ಸ್ಫೋಟಕ ಪತ್ತೆ ತಂಡ ಪರೀಕ್ಷಿಸುವ ತನಕ ಯಾರೂ ಕೈ ಹಾಕಕೂಡದು. ಆಮೇಲೆ 1 ಮೀಟರ್ ಚೌಕ ಹಾಕಿ, ಇಡಿಯಾಗಿ ಉಳಿದ ಇಟ್ಟಿಗೆ, ಬಾಗಿಲುಮರ, ಜಿಪ್ಸಂ ತುಂಡುಗಳನ್ನು ಸಿಕ್ಕ ಚೌಕದ ಸಂಖ್ಯೆಯೊಂದಿಗೆ ಬೇರೆ ಬೇರೆ ರಾಶಿ ಮಾಡುತ್ತೇವೆ. ಸಂಖ್ಯೆಯನ್ನು ಎಣ್ಣೆಬಣ್ಣದಲ್ಲಿ, ಹೊರಗೆ ಕಾಣದ ಬದಿಗೆ ಬರೆಯಬೇಕು. ಸೀಮೆಸುಣ್ಣ ಒಂದು ಮಳೆಗೆ ಹೋಗುತ್ತದೆ.

ಮೂಲ ಚಿತ್ರಗಳೇ ದಾಖಲೆ; ಮಾಡೆಲನ್ನು ಎಂದು ಬೇಕಾದರೂ ಮತ್ತೆ ಮಾಡಿಕೊಳ್ಳಬಹುದು. ಕಡತದ ಹೆಸರಿನಲ್ಲಿ ಮನೆಯ ಸಂಕೇತ, ಅಂತಸ್ತು, ಗೋಡೆ, ತಾರೀಖು. ಎರಡು ಡಿಸ್ಕು ಎರಡು ಕಟ್ಟಡಗಳಲ್ಲಿ, ಮೂರನೆಯ ಪ್ರತಿ ದೇಶದ ಹೊರಗೆ. ಪ್ರತಿ ನಕಲಿನ ನಂತರ ಎಸ್‌ಎಚ್‌ಎ-256 (ಕಡತದ ಬೆರಳಚ್ಚಿನಂಥ ಸಂಕೇತ) ತಾಳೆ ನೋಡುವುದು ಕಡ್ಡಾಯ, ಏಕೆಂದರೆ ನಕಲಿನ ನಡುವೆ ಕರೆಂಟು ಹೋದರೆ ಕಡತದ ಹೆಸರು ಉಳಿದು ಒಳಗೆ ಏನೂ ಇಲ್ಲದಿರಬಹುದು. ಸ್ಥಳಸೂಚಿ ಬೇರೆ ಕಡತದಲ್ಲಿ, ಬೀಗದೊಳಗೆ. ಎ3 ಹಾಳೆಯಲ್ಲಿ ನಾಲ್ಕು ಮುಖಗಳ ಚಿತ್ರ, ಅದರ ಮೇಲೆ ಕೈಬರಹದ ಅಳತೆಗಳು: ಈ ಒಂದು ಪ್ರತಿ ಮನೆಯವರ ಕೈಗೆ. ಸೆಂಟಿಮೀಟರಿನ ಜೊತೆಗೆ ಇಟ್ಟಿಗೆಯ ವರಸೆಗಳನ್ನೂ ಎಣಿಸಿ ಬರೆದಿರುತ್ತೇವೆ. ಮೇಸ್ತ್ರಿ ಮೊದಲು ನೋಡುವುದು ಅದನ್ನೇ.