ಕ್ಯಾಲ್ಕುಲಸ್ ಕೋಣೆಗೇ ಹಬ್ಬವನ್ನೂ ಮನೆಯವರನ್ನೂ ತಂದದ್ದು: ನನ್ನ ಅನುಭವ

ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳಿಗೆ ಪಾಠದ ನೆರವು ಒಂದು ಕಚೇರಿಯದು, ಹಬ್ಬ ಹರಿದಿನ ಇನ್ನೊಂದು ಕಚೇರಿಯದು ಎನ್ನುವ ಪದ್ಧತಿ ಕ್ಯಾಲಿಫೋರ್ನಿಯಾದ ಎಷ್ಟೋ ಕ್ಯಾಂಪಸ್‌ಗಳಲ್ಲಿದೆ. ನಾವು ಎರಡನ್ನೂ ಮೊದಲ ವರ್ಷದ ಕ್ಯಾಲ್ಕುಲಸ್‌ನ ಪರೀಕ್ಷಾ ವೇಳಾಪಟ್ಟಿಗೆ ಕಟ್ಟಿಹಾಕಿದೆವು. ಗಣಿತಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದ ಸಹೋದ್ಯೋಗಿಗಳೇ ಈಗ ರಸಾಯನಶಾಸ್ತ್ರಕ್ಕೂ ಅದನ್ನು ಮಾಡಿಕೊಡಿ ಎನ್ನುತ್ತಿದ್ದಾರೆ.

ಬುನಾದಿ ಹಳೆಯದೇ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಗಣಿತಜ್ಞ ಯೂರಿ ಟ್ರೈಸ್‌ಮನ್ 1970ರ ದಶಕದ ಕೊನೆಗೆ ಶುರುಮಾಡಿದ ಕ್ಯಾಲ್ಕುಲಸ್ ಕಾರ್ಯಾಗಾರ. ವಾರಕ್ಕೆರಡು ಸಲ, ಎರಡೆರಡು ಗಂಟೆ. ಇಪ್ಪತ್ತು ಚಿಲ್ಲರೆ ಮಂದಿ, ನಾಲ್ವರ ಗುಂಪು, ಆರೇಳು ಲೆಕ್ಕಗಳ ಹಾಳೆ. ಮೊದಲ ಎರಡು ಪರೀಕ್ಷೆಯ ಮಟ್ಟದವು, ಉಳಿದವು ಅದಕ್ಕಿಂತ ಕಷ್ಟ. ಕೊನೆಯ ಲೆಕ್ಕವನ್ನು ಹೇಗೆ ಆರಿಸುತ್ತೇವೆ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಅದರಲ್ಲೇ ಅರ್ಧ ಕೆಲಸವಿದೆ. ಕಾರ್ಯಾಗಾರಕ್ಕೆ ‘ಹಿಂದುಳಿದವರಿಗೆ’ ಎಂಬ ಹಣೆಪಟ್ಟಿ ಬಿದ್ದರೆ ಯಾರೂ ಬರುವುದಿಲ್ಲ. ಬೇಕಾದಾಗ ಬನ್ನಿ ಎನ್ನುವ ಸಂಜೆಯ ಟ್ಯೂಟರಿಂಗ್ ಖಾಲಿ ಹೊಡೆದದ್ದಕ್ಕೆ ಕಾರಣ ಬೇರೆ: ಮಕ್ಕಳು ಮನೆಯಿಂದ ಓಡಾಡುತ್ತಾರೆ, ಸಂಜೆ ಕೆಲಸದ ಶಿಫ್ಟ್ ಇರುತ್ತದೆ. ಒಂದು ಕ್ರೆಡಿಟ್ ಕೊಟ್ಟು ವೇಳಾಪಟ್ಟಿಯಲ್ಲೇ ಕೂರಿಸಿದರೆ ಶಿಫ್ಟ್ ತಾನೇ ಪಕ್ಕಕ್ಕೆ ಸರಿಯುತ್ತದೆ. ಜನಾಂಗ ನೋಡಿ ಆದ್ಯತೆ ಕೊಡುವುದನ್ನು ತಡೆಯುವ 1996ರ ರಾಜ್ಯ ಕಾನೂನು ಪ್ರೊಪೊಸಿಷನ್ 209 ಇರುವುದರಿಂದ ಸರ್ಕಾರಿ ಕ್ಯಾಂಪಸ್‌ನಲ್ಲಿ ಬಾಗಿಲು ಎಲ್ಲರಿಗೂ ತೆರೆದಿರಲೇಬೇಕು. ಆಹ್ವಾನ ಕೋರ್ಸಿಗೆ ಸೇರಿದ ಪ್ರತಿಯೊಬ್ಬರಿಗೂ ಹೋಗಲಿ.

ಇನ್ನು ದುಡ್ಡು. ಗುಂಪು ನಡೆಸುವ ಹಿರಿಯ ವಿದ್ಯಾರ್ಥಿಗೆ ಗಂಟೆಗೆ 17–18 ಡಾಲರ್. ತಯಾರಿ ಸೇರಿ ವಾರಕ್ಕೆ ಆರು ಗಂಟೆ, ಹದಿನೈದು ವಾರಕ್ಕೆ ಒಬ್ಬರಿಗೆ ಹೆಚ್ಚುಕಮ್ಮಿ 1,600. ಓದುತ್ತಲೇ ದುಡಿಯುವ ವರ್ಕ್-ಸ್ಟಡಿ ಯೋಜನೆಗೆ ಅರ್ಹರಾದರೆ ಸಂಬಳದ ದೊಡ್ಡ ಪಾಲನ್ನು ಫೆಡರಲ್ ಸರ್ಕಾರವೇ ಹೊರುತ್ತದೆ. ಆದರೆ 2001ರ ಎಬಿ 540 ಕಾನೂನಿನಡಿ ರಾಜ್ಯದ ನಿವಾಸಿಗಳ ಶುಲ್ಕವನ್ನೇ ಕಟ್ಟುವ, ವಲಸೆಯ ದಾಖಲೆಪತ್ರವಿಲ್ಲದ ಮಕ್ಕಳಿಗೆ ಅದು ಸಿಗದು. ಅವರಲ್ಲಿ ಅತ್ಯುತ್ತಮ ನಾಯಕರಿರುತ್ತಾರೆ, ಹಾಗಾಗಿ ಹಳೆಯ ವಿದ್ಯಾರ್ಥಿಗಳ ದೇಣಿಗೆಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಹಾಗೆಂದು ಸುಮ್ಮನೆ ವಿದ್ಯಾರ್ಥಿವೇತನವೆಂದು ಹಂಚಬೇಡಿ; ಇರುವ ನೆರವಿಗೇ ಕತ್ತರಿ ಬೀಳಬಹುದು. ಹಣಕಾಸು ನೆರವಿನ ಕಚೇರಿಯನ್ನು ಮೊದಲೇ ಕೇಳಿ.

ಮನೆಯವರ ಸಭೆ ಮೊದಲ ಮಿಡ್‌ಟರ್ಮ್ ಪರೀಕ್ಷೆಗೆ ಎರಡು ವಾರ ಮುಂಚೆ, ಭಾನುವಾರ ಮಧ್ಯಾಹ್ನ. ಶನಿವಾರ ಇಟ್ಟರೆ ಅಪ್ಪ ಅಮ್ಮ ಕೆಲಸದಲ್ಲಿರುತ್ತಾರೆ. ಊಟಕ್ಕೆ ತಲೆಗೆ 12 ಡಾಲರ್, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು. ಇಂಗ್ಲಿಷಿನಲ್ಲಿ ನಡೆಸಿ ಮಕ್ಕಳಿಂದಲೇ ಅನುವಾದ ಮಾಡಿಸಿದ ಸಭೆ ನೆಲಕಚ್ಚಿತು. ತಮಗೆ ಕಷ್ಟವಾಗುವುದನ್ನು ಮಕ್ಕಳು ಹೇಳದೇ ದಾಟಿಸಿಬಿಡುತ್ತಾರೆ. ಸಂಭಾವನೆ ಕೊಟ್ಟು ದುಭಾಷಿಯನ್ನು ಕರೆಸಿ. ಸ್ಪ್ಯಾನಿಷ್ ಇದ್ದರೆ ಸಾಕೆಂದುಕೊಳ್ಳಬೇಡಿ: ಮೆಕ್ಸಿಕೊದ ಒಹಾಕಾ ರಾಜ್ಯದಿಂದ ಬಂದ ಎಷ್ಟೋ ಮನೆಗಳಲ್ಲಿ ಮಿಕ್ಸ್‌ಟೆಕ್, ಜಪೊಟೆಕ್ ಮನೆಮಾತು. ಕರ್ನಾಟಕದ ಮನೆಯಲ್ಲಿ ತುಳು, ಕೊಡವ ಇರುವ ಹಾಗೇ. ಫ್ರಿಜ್‌ಗೆ ಅಂಟಿಸಲು ಒಂದೇ ಪುಟದ ಪರೀಕ್ಷಾ ಕ್ಯಾಲೆಂಡರ್ ಕೊಡಿ. ಮಕ್ಕಳ ಅಂಕವನ್ನು ಸಾಮಾನ್ಯವಾಗಿ ಅವರ ಲಿಖಿತ ಒಪ್ಪಿಗೆಯಿಲ್ಲದೆ ನಾವು ಹೇಳುವಂತಿಲ್ಲ, ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಫೆರ್ಪಾ ಕಾನೂನು ಹಾಗಿದೆ ಎಂಬುದನ್ನು ಅಲ್ಲೇ ಸ್ಪಷ್ಟಪಡಿಸಿ. ಮುಂದಿನ ಮನಸ್ತಾಪ ತಪ್ಪುತ್ತದೆ.

ಹಬ್ಬದ ಪ್ರಯೋಗಗಳಲ್ಲಿ ಮೆಕ್ಸಿಕೊದ ಮರಿಯಾಚಿ ಸಂಗೀತ ತಂಡ ಒಂದೇ ಸಂಜೆಗೆ ಹಣವನ್ನೆಲ್ಲ ನುಂಗಿತು, ಗ್ವಾಟೆಮಾಲಾ ಮತ್ತು ಸಾಲ್ವಡಾರಿನ ಮಕ್ಕಳು ದೂರ ಉಳಿದರು. ಸೆಪ್ಟೆಂಬರ್ 15 ಅವರ ಸ್ವಾತಂತ್ರ್ಯ ದಿನ, ಮೆಕ್ಸಿಕೊದ್ದು 16; ಎರಡನ್ನೂ ಗುರುತಿಸಿದ ಮೇಲೆ ಬಂದರು. ಗೆದ್ದದ್ದು ನವೆಂಬರ್ 1–2ರ ಸತ್ತವರ ಹಬ್ಬ, ಅಗಲಿದವರನ್ನು ನೆನೆಯುವ ದಿನ. ಕಾರ್ಯಾಗಾರದ ಕೋಣೆಯಲ್ಲೇ ಅಗಲಿದವರಿಗೆ ಎಡೆ ಇಡುವ ಒಫ್ರೆಂಡಾ ಪೀಠ, ಪಾನ್ ದೆ ಮುಯೆರ್ತೊ ಬ್ರೆಡ್ಡು, ಸೆಂಪಸೂಚಿಲ್ ಹೂ. ನಮ್ಮ ಆಯುಧಪೂಜೆಯ ಚೆಂಡುಹೂವೇ ಅದು, ಮೂಲ ಮೆಕ್ಸಿಕೊ. ಅಜ್ಜ ಅಜ್ಜಿಯರ ಫೋಟೋ ಇಡಲು ಬಂದವರು ಲೆಕ್ಕದ ಹಾಳೆ ಮುಗಿಸಿಯೇ ಎದ್ದರು. ಸ್ಪ್ಯಾನಿಷ್‌ನಲ್ಲಿ ಅಚ್ಚುಹಾಕಿಸಿದ ಲೆಕ್ಕದ ಹಾಳೆ ಮಾತ್ರ ಯಾರಿಗೂ ಬೇಡವಾಯಿತು; ಹೆಚ್ಚಿನವರು ಗಣಿತ ಕಲಿತದ್ದೇ ಇಂಗ್ಲಿಷಿನಲ್ಲಿ.

ಮಾರ್ಚ್ 2 ರಾಜ್ಯದ ನೆರವಿನ ಅರ್ಜಿಗೆ ಆದ್ಯತೆಯ ಗಡುವು. ಫೆಬ್ರುವರಿಯ ಒಂದು ಅವಧಿಯನ್ನು ಪೂರ್ತಿ ಅದಕ್ಕೇ ಬಿಡಿ, ಫೆಡರಲ್ ನೆರವಿನ ಅರ್ಜಿಯಾದ ಫಾಫ್ಸಾಗೂ ದಾಖಲೆಪತ್ರವಿಲ್ಲದವರು ತುಂಬುವ ಡ್ರೀಮ್ ಆಕ್ಟ್ ಅರ್ಜಿಗೂ ಬೇರೆ ಬೇರೆ ಸಾಲು ಮಾಡಬೇಡಿ. ಸಾಲು ನೋಡಿದರೇ ಯಾರ ಬಳಿ ಕಾಗದವಿಲ್ಲ ಎಂಬುದು ಬಯಲಾಗುತ್ತದೆ. ಹಾಜರಿ ಹಾಳೆಯಲ್ಲಿ ಹೆಸರು ಮತ್ತು ಕೋರ್ಸ್ ಸಂಖ್ಯೆ ಸಾಕು. ವಲಸೆಯ ಸ್ಥಿತಿಗತಿಯನ್ನು ಯಾವ ಹಾಳೆಯಲ್ಲೂ, ಇಮೇಲಿನಲ್ಲೂ ಬರೆದಿಡಬೇಡಿ.